ಬುಟ್ಟಿಯಲ್ಲಿ ಬಂದ ಕಾರು

ನನ್ನ ಮೊಮ್ಮಗಳು ಮನೆಗೆ ಬಂದಳು. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕದ್ದೆಲ್ಲ ಆಮೇಲೆ. ಐದು ತಿಂಗಳ ಕೂಸು. ತೊಡೆಯ ಮೇಲೆ ಹಾಕಿಕೊಂಡರೆ ಆಗತಾನೇ ಅಚ್ಚಿನಿಂದ ಬಿಡಿಸಿದ ಬೆಲ್ಲದ ಹಾಗೆ ಬೆಚ್ಚಗಿರುತ್ತದೆ. ನಕ್ಕರೆ ಬೊಚ್ಚುಬಾಯಿ, ಅದೊಂದು ಥೇಟ್ ನನ್ನದೇ. ಈ ಸಮಾಚಾರ ಮಳವಳ್ಳಿಯಲ್ಲಿ ಯಾರಿಗಾದರೂ ಇನ್ನೂ ತಿಳಿದಿಲ್ಲವೆಂದರೆ ಅವರು ನಮ್ಮ ಬೀದಿಯಲ್ಲಿ ಓಡಾಡಿಲ್ಲ ಎಂದೇ ಅರ್ಥ. ಓಡಾಡಿದವರನ್ನೆಲ್ಲ ನಾನು ಜಗುಲಿಗೆ ಕರೆದು ಹೇಳಿದ್ದೇನೆ. ಅವಸರವಿದೆ ಎಂದವರ ಹಿಂದೆ ಬೀದಿಯ ಕೊನೆಯವರೆಗೂ ಹೋಗಿ ಹೇಳಿದ್ದೇನೆ. "ಹೆಣ್ಣಾ?" ಎಂದು ಮುಖ ಸಣ್ಣಗೆ ಮಾಡಿಕೊಂಡವರೂ ಒಬ್ಬಿಬ್ಬರು ಸಿಕ್ಕರು. ಅವರ ಮುಖ ಮೊದಲಿನಿಂದಲೂ ಸಣ್ಣದೇ, ಅದಕ್ಕೆ ನನ್ನ ಮೊಮ್ಮಗಳು ಹೊಣೆಯಲ್ಲ.

ಕೂಸು ಬಂತು ಎಂದು ಬರೆಯಲು ಒಂದು ಸಾಲು ಸಾಕು. ಅದನ್ನು ತರುವುದಕ್ಕೆ ಮಾತ್ರ ನಮ್ಮ ಮನೆಯ ಗಂಡಸರು, ಪಕ್ಕದ ಮನೆಯ ಗಂಡಸರು, ಬಸ್ ಸ್ಟ್ಯಾಂಡಿನ ಗಂಡಸರು ಎಲ್ಲ ಸೇರಿ ಇಡೀ ಹಗಲು ದುಡಿದರು. ಅವರು ಅಷ್ಟೆಲ್ಲ ದುಡಿದರೂ ಕೂಸು ಬಂತಲ್ಲ, ಅದು ದೇವರ ದಯೆ. ಗಂಡಸಿನ ಕೈಗೆ ಕೆಟ್ಟುಹೋದ ಒಂದು ಸಾಮಾನು ಕೊಟ್ಟು ನೋಡಿ. ಅವನು ಅದನ್ನು ಸರಿಮಾಡಲು ಹೋಗುವುದಿಲ್ಲ, ಅದರ ನಂಬರು ಹುಡುಕುತ್ತಾನೆ. ನಂಬರು ಸಿಕ್ಕಿಬಿಟ್ಟರೆ ಸಾಮಾನು ಸರಿಹೋದಷ್ಟೇ ಸಂತೋಷ. ಒಲೆ ಹೊಗೆಯಾಡಿದರೆ ನಾನು ಊದುಕೊಳವೆ ಹಿಡಿದು ಊದುತ್ತೇನೆ. ನಮ್ಮ ಯಜಮಾನರ ಕೈಗೆ ಒಲೆ ಒಪ್ಪಿಸಿದ್ದರೆ, ಇದನ್ನು ಮೆತ್ತಿದವರು ಯಾರು, ಯಾವ ಸಂವತ್ಸರದಲ್ಲಿ, ಎಲ್ಲಿಯ ಮಣ್ಣಿನಲ್ಲಿ ಎಂದು ಬಗ್ಗಿ ನೋಡುತ್ತಾ ಕೂತಿರುತ್ತಿದ್ದರು. ನಾವು ಹಸಿದುಕೊಂಡು ಕೂತಿರುತ್ತಿದ್ದೆವು. ನಾನೇನೂ ಓದಿದವಳಲ್ಲ. ಅಣ್ಣನಿಗೆ ಐಗಳು ಪಾಠ ಹೇಳುವಾಗ ಒಳಗೆ ರಾಗಿ ಬೀಸುತ್ತಾ ಕೇಳಿಸಿಕೊಂಡಷ್ಟೇ ನನ್ನ ವಿದ್ಯೆ. ಅಣ್ಣ ಅದನ್ನು ಮರೆತ, ನನಗೆ ಉಳಿದುಬಿಟ್ಟಿತು. ಇದರಲ್ಲಿ ತಪ್ಪುಗಿಪ್ಪು ಕಂಡರೆ ಐಗಳನ್ನು ಬೈದುಕೊಳ್ಳಿ.

ಸೊಸೆ ನಾಗಮ್ಮನ ತೌರು ಮದ್ದೂರು. ಚೊಚ್ಚಲ ಬಾಣಂತನ ತೌರಿನದು, ಐದನೆಯ ತಿಂಗಳಿಗೆ ತಾಯಿ ಕೂಸು ಗಂಡನ ಮನೆಗೆ. ಇಷ್ಟು ಎಲ್ಲರ ಮನೆಯಲ್ಲೂ ಉಂಟು. ಆದರೆ ಈ ಸಲ ಐದನೆಯ ತಿಂಗಳ ಬಾಲಕ್ಕೆ ಆಷಾಢ ಅಂಟಿಕೊಂಡಿತ್ತು. ಆಷಾಢದಲ್ಲಿ ಹೆಣ್ಣುಮಕ್ಕಳನ್ನು ತೌರಿನಿಂದ ಕಳಿಸುವ ಪದ್ಧತಿಯಿಲ್ಲ. ನಾನು ಹೇಳುತ್ತಿರುವ ದಿನದ ಮರುದಿನ ಅಮಾವಾಸ್ಯೆ, ಕೂಸನ್ನು ಹೊಸ್ತಿಲು ದಾಟಿಸುವ ಹಾಗಿಲ್ಲ. ಅದರ ಮರುದಿನದಿಂದ ಆಷಾಢ. ಅವತ್ತು ಬಂದರೆ ಬಂತು, ಇಲ್ಲವಾದರೆ ಶ್ರಾವಣ ಕಣ್ಣು ಬಿಡುವವರೆಗೆ ತೊಟ್ಟಿಲು ಖಾಲಿ. ನಾಮಕರಣದ ದಿನ ಕೂಸು ನನ್ನ ಕೈಗೆ ಸಿಕ್ಕಿದ್ದು ಬೀಗಿತ್ತಿ ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಎಲೆ ಮಡಿಸಿ ಬಾಯಿಗಿಟ್ಟವರೇ, "ಕೂಸು ಬಳಲ್ತದೆ, ಕೊಡಿ" ಎಂದು ಇಸಿದುಕೊಂಡರು. ನನ್ನ ತೊಡೆಯ ಮೇಲೆ ಬಳಲುವ ಕೂಸು ಅವರ ತೊಡೆಯ ಮೇಲೆ ಹೇಗೆ ದಣಿವಾರಿಸಿಕೊಳ್ಳುತ್ತದೋ, ಅದು ಮದ್ದೂರಿನ ನೀರಿನ ಗುಣವಿರಬೇಕು. ಇಲ್ಲಿ ನಾನು ತೊಟ್ಟಿಲಿಗೆ ಹೊಸ ಹಗ್ಗ ಹಾಕಿಸಿ, ನನ್ನ ಹಳೆಯ ಮೆತ್ತನೆ ಸೀರೆ ಮಡಿಸಿ ಹಾಸಿ ಕಾಯುತ್ತಿದ್ದೆ. ಖಾಲಿ ತೊಟ್ಟಿಲು ತೂಗಬಾರದು ಎಂದು ಊರಿಗೆಲ್ಲ ಹೇಳುವವಳು ನಾನೇ. ಆದರೂ ಹಾದುಹೋಗುವಾಗ ಒಂದು ಕೈ ತಾನಾಗಿ ತೂಗುತ್ತಿತ್ತು.

ಬಸ್ಸು ಹತ್ತಿ ಹೋಗಿ ಕರೆತಂದಿದ್ದರೆ ಮುಗಿದೇಹೋಗುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಕಾರಿದೆ. ಕಾರಿಲ್ಲದವರು ಎಲ್ಲಿಗೆ ಬೇಕಾದರೂ ಯಾವಾಗ ಬೇಕಾದರೂ ಹೋಗಬಹುದು. ಕಾರಿರುವವರು ಕಾರು ಹೊರಡುವ ದಿನ ಮಾತ್ರ, ಅದು ನಿಲ್ಲುವ ಕಡೆಗೆ ಮಾತ್ರ. ನಮ್ಮದು ಬೆಲ್ಲದ ಮಂಡಿ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದು ಕಬ್ಬೆಲ್ಲ ಅತ್ತ ಮುಖ ಮಾಡಿದಾಗ ಬೆಲ್ಲದವರು ತಲೆಯ ಮೇಲೆ ಕೈಹೊತ್ತು ಕೂತರು. ನಮ್ಮ ಯಜಮಾನರು ಕಾರು ತಂದರು. ಸಕ್ಕರೆಯವರ ಮುಂದೆ ನಾವೇನು ಕಮ್ಮಿ ಎಂದು. ಮೈಸೂರಿನಲ್ಲಿದ್ದ ಯಾರೋ ದೊರೆ ತನ್ನ ದೇಶಕ್ಕೆ ಹೋಗುವಾಗ ಬಿಟ್ಟುಹೋದ ಗಾಡಿ ಎಂದು ಮಾರಿದವನು ಹೇಳಿದ. ಯಾಕೆ ಬಿಟ್ಟುಹೋದ ಎನ್ನುವುದು ಆಮೇಲೆ ನಮಗೇ ತಿಳಿಯಿತು. ಮುಂದಿನ ದೀಪಗಳು ಒಂದಕ್ಕೊಂದು ನೆಂಟರಲ್ಲ, ಬಾಗಿಲುಗಳು ಬೇರೆ ಬೇರೆ ಮನೆತನದವು, ಎಂಜಿನ್ನಿನ ಹುಟ್ಟೂರು ಯಾರಿಗೂ ಗೊತ್ತಿಲ್ಲ. ಆದರೂ ನಾಮಕರಣದ ಪಂಕ್ತಿಯಲ್ಲಿ ಯಜಮಾನರು ಮೀಸೆ ತಿರುವಿ, "ನಮ್ ಮೊಮ್ಮಗಳು ಕಾರಲ್ಲೇ ಬತ್ತಾಳೆ. ಬಸ್ಸುಗಿಸ್ಸು ನಮ್ಮ ಮನೇಗೆ ಆಗ್ಬರಾಕಿಲ್ಲ" ಎಂದು ಬೀಗರಿಗೆ ಮಾತು ಕೊಟ್ಟರು. ಆ ಮಾತನ್ನು ಬೀಗಿತ್ತಿ ಅರಿಸಿನ ಕುಂಕುಮದ ಜೊತೆಗೆ ಮದ್ದೂರಿಗೆಲ್ಲ ಹಂಚಿದರು. ಹಂಚಿದ ಮೇಲೆ ನನಗೂ ಹೇಳಿಕಳಿಸಿದರು. ಕಾರು ಬಂದರೆ ಕೂಸು ಕಳಿಸುತ್ತಾರೆ, ಬರದಿದ್ದರೆ ಶ್ರಾವಣದಲ್ಲಿ ನೋಡೋಣ ಎಂದು.

ಅವತ್ತು ಬೆಳಗ್ಗೆ ನಮ್ಮ ಮಗ ಕೆಂಪಣ್ಣ ತಲೆಗೆ ಎಣ್ಣೆ ಹಚ್ಚಿ, ಹೊಸ ಕೋಟು ತೊಟ್ಟು, ಹೆಂಡತಿಯನ್ನು ಕರೆತರುವ ಗತ್ತಿನಲ್ಲಿ ಕಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುವಿದ. ಕಾರು ಕೆಮ್ಮಿತು. ಮತ್ತೆ ತಿರುವಿದ, ಸೀನಿತು. ಮೂರನೆಯ ಸಲ ಹೊಟ್ಟೆಯಡಿಯಿಂದ ಪೆಟ್ರೋಲು ತೊಟ್ಟಿಕ್ಕಿಸಿಕೊಂಡು, ಎಮ್ಮೆ ಮಲಗುವ ಹಾಗೆ ಸುಮ್ಮನಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ರಿಪೇರಿ ಶೆಡ್ಡು ಇಟ್ಟಿರುವ ಕರೀಂ ಸಾಬರನ್ನು ಕರೆಸಿದರು. ಕರೀಂ ಸಾಬರು ಯಾವ ಗಾಡಿಯನ್ನಾದರೂ ವಾಸನೆಯಲ್ಲೇ ಗುರುತು ಹಿಡಿಯುತ್ತೇನೆ ಎನ್ನುವವರು. ನಮ್ಮ ಕಾರನ್ನು ಒಂದು ಸಲ ಮೂಸಿ ಅಮೆರಿಕದ್ದು ಎಂದಿದ್ದರು, ಇನ್ನೊಂದು ಸಲ ಇಂಗ್ಲೆಂಡಿನದು ಎಂದಿದ್ದರು. ಅವತ್ತು ಮೂಗಿಗೆ ನೆಗಡಿ. ಆದ್ದರಿಂದ ಕೈಹಾಕಿ, ಎಂಜಿನ್ನಿನ ಪಕ್ಕೆಯಿಂದ ಒಂದು ಹಿತ್ತಾಳೆಯ ಸಾಮಾನು ಬಿಚ್ಚಿ ತಂದು ನಮ್ಮ ಜಗುಲಿಯ ಮೇಲೆ ಇಟ್ಟರು. ಅದರ ಹೆಸರು ಕಾರ್ಬೊರೇಟರು. ಒಂದು ಪುಟ್ಟ ಬಟ್ಟಲು, ಅದಕ್ಕೊಂದು ಮುಚ್ಚಳ, ಪಕ್ಕಕ್ಕೆ ಸೊಟ್ಟ ಕೊಳವೆ. ಪೆಟ್ರೋಲು ಮೊದಲು ಅದರೊಳಗೆ ಬಂದು, ಗಾಳಿಯ ಜೊತೆ ಬೆರೆತು, ಆಮೇಲೆ ಎಂಜಿನ್ನಿಗೆ ಹೋಗಬೇಕಂತೆ.

"ಒಳಗಿನ ಸೂಜಿ ಮುರಿದದೆ ಗೌಡ್ರೆ" ಎಂದರು ಕರೀಂ ಸಾಬರು. "ಮದ್ದೂರು ಟೇಸನ್ ಪಕ್ಕ ಹಳೇ ಮೋಟಾರ್ ಸಾಮಾನಿನ ಅಂಗಡಿ ಅದೆಯಲ್ಲ, ಅವನ ತಾವ ರಾಶಿ ಬಿದ್ದವೆ. ನಂಬರು ಹೇಳಿ ಕಳ್ಸಿದ್ರೆ ಇದಕ್ಕೆ ಸರಿಯಾದ ಸೂಜಿ ಕೊಡ್ತಾನೆ. ನಂಬರಿಲ್ದೆ ಹೋದ್ರೆ ಗೋಣಿಚೀಲ ಹೊಲಿಯೋ ಸೂಜಿ ಕೊಟ್ಟಾನು."

"ನಂಬರು ಎಲ್ಲೈತೆ?" ಎಂದರು ಯಜಮಾನರು.

ಕರೀಂ ಸಾಬರು ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿ, "ಇಲ್ಲೇ ಇತ್ತು. ಈಗ ಇಲ್ಲಿ ನೀವಿದ್ದೀರಿ" ಎಂದರು.

ಇದಕ್ಕೆ ಸ್ವಲ್ಪ ವಿವರ ಬೇಕು. ನಮ್ಮ ಕಡೆ ಪಾತ್ರೆಗೆ ಹೆಸರು ಕೊರೆಸದೆ ಯಾರೂ ಇಟ್ಟುಕೊಳ್ಳುವುದಿಲ್ಲ. ಮದುವೆಗೆಂದು ಎರವಲು ಕೊಟ್ಟ ಹೊಸ ಕೊಳಗ, ವಾಪಸು ಬರುವಾಗ ತೂತುಬಿದ್ದ ಹಳೇ ಕೊಳಗವಾಗಿ ಬರುವುದುಂಟು. ಕಾರು ಬಂದ ಹೊಸದರಲ್ಲಿ ಯಜಮಾನರಿಗೆ ಅದೇ ದಿಗಿಲು. ರಿಪೇರಿಯವರು ಒಳ್ಳೆಯ ಸಾಮಾನು ಬಿಚ್ಚಿಕೊಂಡು ಕಾಯಿಲೆ ಸಾಮಾನು ಸಿಕ್ಕಿಸಿಬಿಟ್ಟರೆ? ಪಾತ್ರೆಗೆ ಹೆಸರು ಕೊರೆಯುವವನನ್ನೇ ಕರೆಸಿ, ಹಾರನ್ನಿನಿಂದ ಹಿಡಿದು ಎಂಜಿನ್ನಿನವರೆಗೆ ಇಡೀ ಕಾರಿಗೆ ಹೆಸರು ಹಾಕಿಸಿದರು. ಕೊರೆಯುವವನಿಗೆ ಬೇಕಾದದ್ದು ನುಣ್ಣಗೆ ಚಪ್ಪಟೆಯಾದ ಒಂದು ಜಾಗ. ಕಾರು ಮಾಡಿದವರು ಅಂಥ ಜಾಗವನ್ನು ಒಂದೊಂದು ಸಾಮಾನಿನ ಮೇಲೆ ಒಂದೇ ಒಂದು ಬಿಟ್ಟಿರುತ್ತಾರೆ, ಅದರಲ್ಲಿ ತಮ್ಮ ನಂಬರನ್ನು ಕುಟ್ಟಿರುತ್ತಾರೆ. ನಮ್ಮವನು ಆ ನಂಬರನ್ನು ಯಾರೋ ಗೀಚಿದ ಕೊಳೆಯೆಂದು ಅರದಿಂದ ಉಜ್ಜಿ ನುಣುಪು ಮಾಡಿ, 'ಮಳವಳ್ಳಿ ಸಿದ್ದೇಗೌಡ' ಎಂದು ಮುದ್ದಾಗಿ ಕೊರೆದು, ಸುತ್ತ ಒಂದು ಹೂಬಳ್ಳಿಯನ್ನೂ ಬಿಟ್ಟ. ಅವತ್ತು ನಾನೂ ನೋಡಿ, ಬಳ್ಳಿ ಚೆನ್ನಾಗಿದೆ, ಆ ಮೂಲೆಗೆ ಇನ್ನೊಂದು ಹೂವು ಹಾಕಪ್ಪ ಎಂದಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯ ರಂಗರಾಯರು ನಶ್ಯದ ಡಬ್ಬಿ ಹಿಡಿದು ಬಂದರು. ರಸ್ತೆ ಓವರ್‌ಸಿಯರ್ ಆಗಿದ್ದು ಪಿಂಚಣಿ ಪಡೆದವರು. ಸರ್ವೀಸಿನಲ್ಲಿದ್ದಾಗ ಸಾಹೇಬರ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರಂತೆ. ಆ ಅನುಭವದ ಬಲದ ಮೇಲೆ ಮುಂದಿನ ಎಂಜಿನ್ನಿನ ವಿಚಾರ ಮಾತಾಡುತ್ತಾರೆ. "ಅಳಿಸಿದ ನಂಬರು ಅಳಿಸಿದ ಹಾಗೆ ಕಾಣುತ್ತೆ ಅಷ್ಟೇ ಗೌಡರೇ, ಲೋಹದ ಹೊಟ್ಟೆಯೊಳಗೆ ಇದ್ದೇ ಇರುತ್ತೆ. ಅದನ್ನ ಹೊರಗೆ ಬರಿಸಬೇಕು" ಎಂದರು. ಹೊರಗೆ ಬರಿಸುವ ಸಾಮಗ್ರಿಯೆಲ್ಲ ನನ್ನ ಅಡಿಗೆಮನೆಯಲ್ಲಿತ್ತು. ಮೊದಲು ಹುಣಸೆಹಣ್ಣು ಹೋಯಿತು. ಉಜ್ಜಿದರು, ಕಾರ್ಬೊರೇಟರು ಹಬ್ಬದ ಚೆಂಬಿನ ಹಾಗೆ ಹೊಳೆಯಿತು, ನಂಬರು ಬರಲಿಲ್ಲ. ಆಮೇಲೆ ನಿಂಬೆಹಣ್ಣು, ಒಲೆಯ ಬೂದಿ, ದೀಪದ ಕಾಡಿಗೆ. ಕೊನೆಗೆ, ಗೀರುಗಳ ಒಳಗೆ ಹಿಟ್ಟು ತುಂಬಿದರೆ ಅಂಕಿ ಬೆಳ್ಳಗೆ ಎದ್ದುಕಾಣುತ್ತದೆ ಎಂದು ಕರೀಂ ಸಾಬರು ಅಕ್ಕಿಹಿಟ್ಟು ಕೇಳಿದರು. ಪಾಯಸದ ಜೊತೆಗೆ ನಿಪ್ಪಟ್ಟು ಮಾಡೋಣವೆಂದು ಬೀಸಿಟ್ಟುಕೊಂಡಿದ್ದ ಹಿಟ್ಟು. ತುಂಬಿದರು. ಯಜಮಾನರ ಹೆಸರು ರಂಗೋಲಿ ಬಿಟ್ಟ ಹಾಗೆ ಎದ್ದುಬಂತು. ಅದರ ಬುಡದಲ್ಲಿ ಒಂದೇ ಒಂದು ಸಣ್ಣ ಗೀಟು ಕಂಡಿತು.

"ಏಳು" ಎಂದರು ರಂಗರಾಯರು.

"ಒಂದು" ಎಂದರು ಕರೀಂ ಸಾಬರು.

"ಇಬ್ಬರದೂ ಅಲ್ಲ. ಅದು ಬಳ್ಳಿ ಸುಳಿ ಕಣಪ್ಪ" ಎಂದ ಕೆಂಪಣ್ಣ. ನನ್ನ ಮಗ ಸತ್ಯ ಹೇಳಿದ್ದು ಅವತ್ತು ಅದೊಂದೇ ಸಲ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾರ್ಬೊರೇಟರು ಕೈಕೊಟ್ಟಿತೆಂದು ಅದನ್ನು ಜಗುಲಿಯಲ್ಲೇ ಬಿಟ್ಟು ಎಲ್ಲರೂ ಎಂಜಿನ್ನಿನ ಕಡೆಗೆ ಎದ್ದರು. ಎಂಜಿನ್ನು ಯಾವ ಗಾಡಿಯದೆಂದು ತಿಳಿದರೆ ಕಾರ್ಬೊರೇಟರು ಯಾವುದಿರಬೇಕೆಂದು ತರ್ಕ ಮಾಡಬಹುದಂತೆ. ಅಲ್ಲಿ ಪಕ್ಕೆಯ ಮೇಲೆ ದಪ್ಪದಪ್ಪ ಅಂಕಿಗಳು ಉಬ್ಬಿಕೊಂಡಿದ್ದವು. ರಂಗರಾಯರು ಕುಣಿದುಬಿಡುವುದೊಂದು ಬಾಕಿ. "ಇದೋ ನೋಡಿ, ಇದೇ ಇದರ ಜಾತಕ!" ಎಂದರು. "ಅರೆ ಸ್ವಾಮಿ, ಉಬ್ಬಿರೋದು ಎರಕದ ಅಚ್ಚಿನ ನಂಬರು. ಅದು ಎಲ್ಲಾ ಎಂಜಿನ್ ಮೇಲೂ ಇರ್ತದೆ. ಒಳಕ್ಕೆ ಕುಟ್ಟಿರೋದು ಅಸಲು" ಎಂದರು ಕರೀಂ ಸಾಬರು. ಇದು ನನಗೆ ಇಂಗ್ಲಿಷಿಲ್ಲದೆಯೇ ಅರ್ಥವಾಯಿತು. ನಮ್ಮ ಆಲೆಮನೆಯ ಅಚ್ಚಿನಲ್ಲೂ ಒಂದು ಗುರುತು ಇದೆ, ಅದು ಎಲ್ಲ ಬೆಲ್ಲದ ಮೇಲೂ ಮೂಡುತ್ತದೆ. ಅದನ್ನು ನೋಡಿ ಈ ಬೆಲ್ಲ ಯಾವ ಕೊಪ್ಪರಿಗೆಯಲ್ಲಿ ಬೆಂದದ್ದು ಎಂದು ಹೇಳಲಿಕ್ಕಾಗುತ್ತದೆಯೇ? ಆದರೆ ಕರೀಂ ಸಾಬರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಒಳಕ್ಕೆ ಕುಟ್ಟಿದ ಅಸಲು ನಂಬರು ಇದೇ ಎಂದು ಅವರು ತೋರಿಸಿದ್ದು, ಕೆಂಪಣ್ಣ ಯಾವಾಗಲೋ ಸುತ್ತಿಗೆ ಜಾರಿಸಿ ಮಾಡಿದ ಗುಂಡಿಗಳನ್ನು. ಅವುಗಳಲ್ಲಿ ಅವರಿಗೆ ಮೂರು, ಎಂಟು, ಒಂದು ಇಂಗ್ಲಿಷು ಅಕ್ಷರ, ಎಲ್ಲ ಕಂಡವು.

ಹೊತ್ತು ಏರುತ್ತಿತ್ತು. ಮದ್ದೂರಿನ ಕಡೆಗೆ ಬಸ್ಸು ಹೊರಡುವ ಸಮಯ. ನಾನು ಹೋಗಿ ಯಜಮಾನರ ಹಿಂದೆ ನಿಂತು ಕೇಳಿದೆ, "ಅಲ್ಲಾ, ಬಳೆ ಅಳತೆ ಗೊತ್ತಿಲ್ದಿದ್ರೆ ಹಳೇ ಬಳೆ ತಗೊಂಡ್ ಹೋಗಿ ತೋರ್ಸಲ್ವಾ? ಆ ಸಾಮಾನ್ನೇ ಕೈಲಿ ಹಿಡ್ಕಂಡು ಅಂಗಡೀಗೆ ಹೋದ್ರೆ ಆಗಲ್ವಾ?"

ಕೆಂಪಣ್ಣ ಆಗಲೇ ಕಾರಿನಡಿ ಸೇರಿದ್ದ. ಮಿಕ್ಕ ಮೂವರೂ ಬೆನ್ನು ನೆಟ್ಟಗೆ ಮಾಡಿ ನನ್ನನ್ನು ನೋಡಿದರು. ಕರುವೊಂದು ಬಂದು ರಾಜ್ಯಭಾರದ ವಿಷಯ ಮಾತಾಡಿದ್ದರೆ ಹೇಗೆ ನೋಡುತ್ತಿದ್ದರೋ ಹಾಗೆ. ರಂಗರಾಯರು ನಶ್ಯ ಏರಿಸಿ, "ಅದು ಶಾಸ್ತ್ರೀಯವಲ್ಲ ತಾಯಿ" ಎಂದರು. ಯಜಮಾನರು, "ಬಳೆ ಅಂತೆ ಬಳೆ! ಇದ್ಯಾವ್ದೂ ನಿಂಗೆ ತಿಳ್ಯಾಕಿಲ್ಲ, ಓಗು, ಎಲ್ರಿಗೂ ಕಾಪಿ ಕಾಸು ಓಗು" ಎಂದರು.

"ಹೊತ್ತಾಯ್ತಲ್ಲ, ಕೂಸು?"

"ಬತ್ತದೆ ಬುಡು, ನಂಬರು ಒಂದು ಸಿಕ್ಬುಡ್ಲಿ."

ನಾನು ಕಾಫಿ ಕಾಸಿ ಕೊಟ್ಟೆ. ಆಮೇಲೆ ಒಳಗೆ ಹೋಗಿ ಸೀರೆ ಬದಲಾಯಿಸಿ, ಬಿದಿರು ಬುಟ್ಟಿಗೆ ಬಾಳೆಹಣ್ಣು, ಕೊಬ್ಬರಿ, ಹೂವು, ಕೂಸಿಗೆ ನಾನೇ ಹೊಲಿದ ಕುಲಾವಿ ಹಾಕಿಕೊಂಡೆ. ಜಗುಲಿಯ ಮೇಲೆ ಅನಾಥವಾಗಿ ಬಿದ್ದಿದ್ದ ಕಾರ್ಬೊರೇಟರನ್ನು ಬಿಳೀ ವಸ್ತ್ರದಲ್ಲಿ ಸುತ್ತಿ ಅದರ ಜೊತೆಗಿಟ್ಟು ನಡೆದೆ. ಬೀಗರ ಕೈಯಲ್ಲಿ ಯಾರನ್ನಾದರೂ ಅಂಗಡಿಗೆ ಕಳಿಸಿ ಸೂಜಿ ಹಾಕಿಸಿಕೊಂಡರೆ ಸರಿ ಎಂದು ನನ್ನ ಯೋಚನೆ. ಹೊರಡುವಾಗ, "ಬತ್ತೀನಿ" ಎಂದು ಗಟ್ಟಿಯಾಗಿಯೇ ಹೇಳಿದೆ. ಮೂರು ತಲೆಗಳೂ ಬಾನೆಟ್ಟಿನ ಒಳಗಿದ್ದವು. ಮೂರೂ "ಹ್ಞೂಂ" ಎಂದವು.

ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕೂತವಳು ಮೂಗಿಗೆ ಸೆರಗು ಮುಚ್ಚಿಕೊಂಡು, "ಏನಮ್ಮೋ ಬುಟ್ಟೀಲಿ, ಸೀಮೆಎಣ್ಣೆ ವಾಸ್ನೆ?" ಎಂದಳು. "ಕಾರು" ಎಂದೆ. ಆಮೇಲೆ ಅವಳು ಮದ್ದೂರಿನವರೆಗೆ ನನ್ನನ್ನು ಮಾತಾಡಿಸಲಿಲ್ಲ, ಸ್ವಲ್ಪ ಸರಿದು ಕೂತು ಜಾಗವನ್ನೂ ಕೊಟ್ಟಳು.

ಬೀಗರ ಮನೆಯ ಮುಂದೆ ಜನ ಸೇರಿದ್ದರು. ನೆರೆಹೊರೆಯ ಹೆಂಗಸರು ಕಾರು ನೋಡಲು ಒಳ್ಳೊಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದರು. ನಾನು ನಡೆದುಬಂದದ್ದು ಕಂಡು ಬೀಗಿತ್ತಿ ನನ್ನ ಬೆನ್ನ ಹಿಂದೆ ಬೀದಿಯ ಕೊನೆಯವರೆಗೆ ಕಣ್ಣು ಹಾಯಿಸಿ, "ಬನ್ನಿ ಬನ್ನಿ. ಕಾರೆಲ್ಲಿ ನಿಲ್ಸವ್ರೆ?" ಎಂದರು. ನಾಗಮ್ಮ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೂಸು ನನ್ನನ್ನು ನೋಡಿ ಬೊಚ್ಚುಬಾಯಿ ತೆರೆಯಿತು. ಕಾರು ಕೆಟ್ಟಿದೆ ಎಂದರೆ, ಶ್ರಾವಣದಲ್ಲಿ ಬನ್ನಿ ಎನ್ನುತ್ತಾರೆ. ಕೆಟ್ಟಿಲ್ಲ ಎಂದರೆ ಕಾರು ಎಲ್ಲಿ ಎನ್ನುತ್ತಾರೆ. ನಾನು ಉತ್ತರ ಹುಡುಕುವಷ್ಟರಲ್ಲಿ ಬೀಗಿತ್ತಿ ನನ್ನ ಕೈಯಿಂದ ಬುಟ್ಟಿ ಇಸಿದುಕೊಂಡು ನಡುಮನೆಯಲ್ಲಿ ಇಟ್ಟು, ಎಲ್ಲರೂ ನೋಡಲಿ ಎಂದು ಒಂದೊಂದೇ ಹೊರಗೆ ತೆಗೆಯತೊಡಗಿದರು. ಹಣ್ಣು ಬಂತು, ಹೂವು ಬಂತು, ಕುಲಾವಿ ಬಂತು. ಬಿಳೀ ವಸ್ತ್ರ ಬಂತು. ಬಿಚ್ಚಿದರು.

ಹುಣಸೆಹಣ್ಣಿನ ಹೊಳಪು, ಹೂಬಳ್ಳಿ, ನಡುವೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ತಾತನ ಹೆಸರು.

"ಅಯ್ಯೋ ಸಿವನೇ!" ಎಂದು ಬೀಗಿತ್ತಿ ಎರಡು ಕೈಯಲ್ಲೂ ಎತ್ತಿ ಹಿಡಿದರು. "ನೋಡ್ರಮ್ಮಾ, ಕೂಸಿಗೆ ತಾತ ಒಳಲೆ ಮಾಡ್ಸಿ ಕಳ್ಸವ್ರೆ! ಎಸ್ರೂ ಕೊರ್ಸವ್ರೆ!"

ಒಳಲೆ ಎಂದರೆ ಎಳೆ ಕೂಸಿಗೆ ಹಾಲು ಹಾಕುವ ಬಟ್ಟಲು, ಪಕ್ಕಕ್ಕೆ ಒಂದು ಮೂತಿ ಇರುತ್ತದೆ. ತಾತಂದಿರು ಮೊಮ್ಮಕ್ಕಳಿಗೆ ತಮ್ಮ ಹೆಸರು ಕೊರೆಸಿ ಕೊಡುವುದು ವಾಡಿಕೆ. ಬಟ್ಟಲು ಇದೆ, ಮೂತಿ ಇದೆ, ಹೆಸರಿದೆ, ಇನ್ನೇನು ಬೇಕು? "ಮುಚ್ಚಳಾನೂ ಅದೆ ಕಣಕ್ಕ" ಎಂದಳು ಒಬ್ಬಳು. "ಹೊಸಾ ನಮೂನೆ ಇರ್ಬೇಕು, ಮೈಸೂರಿಂದು" ಎಂದಳು ಇನ್ನೊಬ್ಬಳು. "ಹಾಲು ಬಾಳ ಹೊತ್ತು ಬೆಚ್ಚಗಿರ್ತದೆ" ಎಂದು ಮೂರನೆಯವಳು ವಿವರಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಬೀಗಿತ್ತಿ ಅದಕ್ಕೆ ಕುಂಕುಮವಿಟ್ಟು, ದೇವರ ಗೂಡಿನಲ್ಲಿಟ್ಟು, ಊದುಬತ್ತಿ ಹಚ್ಚಹೊರಟರು. ಪೆಟ್ರೋಲಿನ ಸಾಮಾನಿನ ಮುಂದೆ ಊದುಬತ್ತಿ! "ಹೊಗೆ ಬೇಡಿ, ಕೂಸಿಗೆ ಆಗಲ್ಲ" ಎಂದು ನಾನು ಕೂಗಿದೆ. ಸರಿಯೆಂದು ಅರಿಸಿನ ನೀರಿನ ಆರತಿ ಎತ್ತಿದರು. ಹೆಂಗಸರು ಹಾಡು ಹೇಳಿದರು. ನಾಗಮ್ಮ ಮಾತ್ರ ಗೂಡಿನ ಹತ್ತಿರ ಹೋಗಿ ಮೂಗರಳಿಸಿದಳು. ಎರಡು ವರ್ಷ ಆ ಕಾರಿನಲ್ಲಿ ಕೂತು ತಳ್ಳಿಸಿಕೊಂಡವಳು, ತಳ್ಳಿದವಳು. ಅವಳಿಗೆ ಆ ವಾಸನೆ ಗೊತ್ತಾಗದೇ? ಸೆರಗನ್ನು ಬಾಯಿಗೆ ತುರುಕಿಕೊಂಡು, ನನ್ನ ಕಿವಿಯ ಹತ್ತಿರ, "ಅತ್ತೆಮ್ಮಾ, ಇದು ನಮ್ ಕಾರಿಂದಲ್ವಾ?" ಎಂದಳು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಮರುದಿನ ಬೆಳಗ್ಗೆ ಅದರಲ್ಲಿ ಹಾಲು ಹುಯ್ದು ಕೂಸಿನ ಬಾಯಿಗೆ ಇಟ್ಟರೆ? ನಾನು ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, "ಬೀಗ್ರೇ, ಅದು ಒಳಲೆ ಅಲ್ಲ. ಅದು ಕಾರು. ಮಿಕ್ಕಿದ್ದು ಮಳವಳ್ಳೀಲಿ ಐತೆ. ಕಾರು ತತ್ತೀವಿ ಅಂತ ಮಾತು ಕೊಟ್ಟಿದ್ವಿ, ತಂದಿವ್ನಿ, ಬುಟ್ಟೀಗೆ ಹಿಡ್ಸಿದಷ್ಟು."

ಬೀಗಿತ್ತಿಯ ಕೈಯಲ್ಲಿ ಆರತಿ ತಟ್ಟೆ ಹಾಗೇ ನಿಂತಿತು. ಜಗುಲಿಯಲ್ಲಿ ಕೂತಿದ್ದ ಬೀಗರು ಮೊದಲು ನಕ್ಕರು. ಅವರು ಮೈ ತುಂಬಿದ ಆಳು, ನಕ್ಕರೆ ಹೊಟ್ಟೆ ಮೊದಲು, ಆಮೇಲೆ ಬಾಯಿ. "ಲೇ, ಕಾರಿಗೆ ಆರತಿ ಎತ್ತಿದ್ಯಲ್ಲೇ! ಸಿದ್ದೇಗೌಡ್ರು ಮಾತು ಉಳುಸ್ಕಂಡವ್ರೆ ಕಣೇ!" ಎಂದರು.

"ಕಾರು ಕೆಟ್ಟದೆ ಅಂತ ಏಳೋದು ಬುಟ್ಟು..." ಎಂದು ಬೀಗಿತ್ತಿ ಶುರುಮಾಡಿದರು. "ಬಸ್ಸಲ್ಲಿ ನನ್ ಕೂಸು ಕಳ್ಸಾಕಿಲ್ಲ. ಸ್ರಾವಣ ಬರ್ಲಿ."

"ಅವ್ವಾ, ಕುಂಕ್ಮ ಇಟ್ಟಿದ್ಯಾರು?" ಎಂದಳು ನಾಗಮ್ಮ.

"ನಾನೇ. ನಂಗೇನ್ ಗೊತ್ತಿತ್ತು?"

"ದೇವ್ರ ಗೂಡಲ್ಲಿ ಇಟ್ಟಿದ್ಯಾರು? ಆರ್ತಿ ಎತ್ತಿ ಒಳಕ್ಕೆ ಕರ್ಕಂಡಿದ್ಯಾರು? ಕರ್ಯಾಕೆ ಬಂದ ಕಾರ್ಗೆ ಆರ್ತಿ ಎತ್ಬುಟ್ಟು ಬರಿ ಕೈಲಿ ಕಳ್ಸಿದ್ರೆ ಒಳ್ಳೇದಾ?"

ಬೀಗಿತ್ತಿ ದೇವರ ಗೂಡನ್ನು ನೋಡಿದರು. ಕುಂಕುಮ ಹಚ್ಚಿಕೊಂಡ ಕಾರ್ಬೊರೇಟರು ಹೂವಿನ ನಡುವೆ ಮದುವಣಗಿತ್ತಿಯ ಹಾಗೆ ಕೂತಿತ್ತು. ತಾವು ಮಾಡಿದ ಆರತಿಯನ್ನು ತಾವೇ ಆಗಿಲ್ಲ ಎನ್ನುವುದು ಹೇಗೆ? ನೆರೆಯವರೆಲ್ಲ ಹಾಡು ಬೇರೆ ಹೇಳಿದ್ದಾರೆ. ಕೂಸು ಅಷ್ಟು ಹೊತ್ತಿಗೆ ನನ್ನ ಕಡೆಗೆ ಕೈಚಾಚಿತು. ಬೀಗಿತ್ತಿ ಮೂಗು ಒರೆಸಿಕೊಂಡು, "ಸರಿ, ಓಗಿ. ಆದ್ರೆ ನಾನೂ ಬತ್ತೀನಿ. ಮಿಕ್ಕಿದ ಕಾರ್ನ ನಾನು ನೋಡ್ಲೇಬೇಕು" ಎಂದರು. ಅವರು ನೋಡಬೇಕಾಗಿದ್ದದ್ದು ಕಾರಲ್ಲ, ಕೂಸಿನ ಜೊತೆ ಇನ್ನೊಂದು ದಿನ ಎಂದು ನನಗೆ ಗೊತ್ತು. ನಾನೂ ಹೆಣ್ಣಲ್ಲವೇ. ಬನ್ನಿ ಎಂದೆ. ರಾಹುಕಾಲಕ್ಕೆ ಮುಂಚೆ ಹೊಸ್ತಿಲು ದಾಟಿಸಬೇಕಾಗಿದ್ದರಿಂದ ಟೇಸನ್ ಪಕ್ಕದ ಅಂಗಡಿಯ ಮಾತು ಅಲ್ಲಿಗೇ ಬಿತ್ತು. ದೇವರ ಗೂಡಿನಿಂದ ಇಳಿದ ಕಾರ್ಬೊರೇಟರು ಕುಂಕುಮದ ಸಮೇತ ಮತ್ತೆ ಬುಟ್ಟಿ ಸೇರಿತು. ಬಸ್ಸಿನಲ್ಲಿ ಕೂಸು ನನ್ನ ತೊಡೆಯ ಮೇಲೆ ಮಲಗಿತು, ಮಳವಳ್ಳಿಯವರೆಗೆ ಬಳಲಲಿಲ್ಲ.

ಮನೆಗೆ ಬಂದರೆ ಅಲ್ಲಿ ಯುದ್ಧ. ಕಾರ್ಬೊರೇಟರು ಕಳುವಾಗಿದೆ ಎಂದು ಮಧ್ಯಾಹ್ನವೇ ಪತ್ತೆಯಾಗಿತ್ತಂತೆ. ನಾನು ಮನೆಯಲ್ಲಿಲ್ಲ ಎನ್ನುವುದು ಇನ್ನೂ ಪತ್ತೆಯಾಗಿರಲಿಲ್ಲ. ಯಜಮಾನರು ಕರೀಂ ಸಾಬರನ್ನು ಅನುಮಾನಿಸಿದ್ದರು, ಕರೀಂ ಸಾಬರು ರಂಗರಾಯರ ನಶ್ಯದ ಡಬ್ಬಿಯನ್ನೂ ಬಿಡದೆ ಹುಡುಕಿಸಿದ್ದರು, ರಂಗರಾಯರು ಮುನಿಸಿಕೊಂಡು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಕೆಂಪಣ್ಣನ ಹೊಸ ಕೋಟು ಕಾರಿನಡಿಯಿಂದ ಹೊರಗೆ ಕಾಣುತ್ತಿದ್ದ ಕಾಲುಗಳ ಪಕ್ಕದಲ್ಲಿ ಬಿದ್ದಿತ್ತು.

"ಎಲ್ಲಿ ಓಗಿದ್ದೆ ನೀನು? ಇಲ್ಲಿ ಮನೇಲಿ ಕಳ್ತನ ಆಗದೆ!" ಎಂದು ಗುಡುಗಿದ ಯಜಮಾನರು ನನ್ನ ತೋಳಿನಲ್ಲಿ ಏನಿದೆ ಎಂದು ಆಮೇಲೆ ನೋಡಿದರು. ಗುಡುಗು ಅಲ್ಲಿಗೇ ನಿಂತಿತು. ಕೈಯ ಗ್ರೀಸನ್ನು ಪಂಚೆಗೆ ಒರೆಸಿಕೊಂಡು, ಸಾಲದೆಂದು ಮಗನ ಹೊಸ ಕೋಟಿಗೂ ಒರೆಸಿ, ಎರಡು ಕೈ ಚಾಚಿದರು. "ಕೂಸೇ, ಹೆಂಗ್ ಬಂದ್ಯವ್ವಾ?" ಎಂದರು. ಆ ದನಿಯನ್ನು ನಾನು ಮೂವತ್ತು ವರ್ಷದಲ್ಲಿ ಒಂದು ಸಲವೂ ನನ್ನ ಪಾಲಿಗೆ ಕೇಳಿದವಳಲ್ಲ. ಬೀಗಿತ್ತಿ ಮಿಕ್ಕಿದ ಕಾರನ್ನು ಒಂದು ಸುತ್ತು ಹಾಕಿ ನೋಡಿ ಒಳಗೆ ಬಂದರು. ನೋಡುವುದಕ್ಕೆ ಅಲ್ಲಿ ಏನೂ ಇರಲೂ ಇಲ್ಲ. ಕರೀಂ ಸಾಬರು ಬುಟ್ಟಿಯಿಂದ ಕಾರ್ಬೊರೇಟರು ತೆಗೆದು, ಕುಂಕುಮ ನೋಡಿ, ಕಣ್ಣಿಗೊತ್ತಿಕೊಳ್ಳಬೇಕೋ ಬೇಡವೋ ತಿಳಿಯದೆ ಜಗುಲಿಯ ಮೇಲಿಟ್ಟು, ಕೂಸಿನ ಕೆನ್ನೆ ಸವರಿ, ನಾನು ಕೊಟ್ಟ ಬಾಳೆಹಣ್ಣು ತೆಗೆದುಕೊಂಡು ಹೊರಟರು. ಕಾರಿನ ನಂಬರು ಇವತ್ತಿಗೂ ಯಾರಿಗೂ ಸಿಕ್ಕಿಲ್ಲ.

ಶಿವನಸಮುದ್ರದ ಕರೆಂಟು ನಮ್ಮ ಸೀಮೆಯನ್ನು ದಾಟಿಕೊಂಡು ದೊಡ್ಡ ದೊಡ್ಡ ಊರುಗಳಿಗೆ ಬೆಳಕು ಕೊಡಲು ಹೋಗುತ್ತದೆ, ನಮ್ಮ ಮನೆಗೆ ಲಾಟೀನು. ಸಂಜೆ ಅದರ ಬೆಳಕಿನಲ್ಲಿ ಎಲ್ಲರೂ ಊಟಕ್ಕೆ ಕೂತೆವು. ಗಂಡಸರು ಮೊದಲು, ಹೆಂಗಸರು ಆಮೇಲೆ ಎನ್ನುವ ಲೆಕ್ಕ ಅವತ್ತು ತಪ್ಪಿತು. ಕೂಸು ಯಾರ ತೊಡೆಯಲ್ಲಿರುತ್ತದೋ ಅವರು ಉಣ್ಣುವ ಹಾಗಿಲ್ಲ, ಕೈ ಬಿಡುವಾದವರು ಎಲೆ ಹಾಕಿಕೊಂಡರು. ಹಾಗಾಗಿ ಬೀಗಿತ್ತಿ, ನಾಗಮ್ಮ, ಕೆಂಪಣ್ಣ, ಯಜಮಾನರು, ನಾನು, ಎಲ್ಲ ಒಂದೇ ಸಾಲು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಶಾವಿಗೆ ಪಾಯಸ. ಹಿಟ್ಟೆಲ್ಲ ಕಾರ್ಬೊರೇಟರಿನ ಪಾಲಾದ್ದರಿಂದ ನಿಪ್ಪಟ್ಟು ಇರಲಿಲ್ಲ.

ಕೂಸು ನನ್ನ ಸರದಿಗೆ ಬಂತು. ಲಾಟೀನಿನ ಹತ್ತಿರಕ್ಕೆ ಹಿಡಿದು ನೋಡಿದೆ. ಎಡಗಿವಿಯ ಹಿಂದೆ, ಕೂದಲಿನ ಅಂಚಿಗೆ, ಒಂದು ಕರೀ ಮಚ್ಚೆ. ನನ್ನ ಎದೆ ಉಬ್ಬಿತು. "ನೋಡಿ ಬೀಗಿತ್ತಿ, ಇಲ್ಲಿ ನೋಡಿ" ಎಂದೆ. "ಇದು ನಮ್ ತೌರಿನ ಮಚ್ಚೆ. ನಮ್ಮವ್ವನಿಗೂ ಇಲ್ಲೇ ಇತ್ತು, ನಮ್ಮಣ್ಣನಿಗೂ ಇಲ್ಲೇ. ಈ ಕೂಸು ಪೂರ್ತಿ ನಮ್ ಕಡೇದು. ಮೂಗು ಒಂದು ನಿಮ್ದಿರ್ಬೋದು, ಇರ್ಲಿ. ಉಳಿದಿದ್ದೆಲ್ಲಾ ನಮ್ದೇ. ಹುಬ್ಬು ನಮ್ದು, ಗಲ್ಲ ನಮ್ದು..." ಬೀಗಿತ್ತಿ ಗಲ್ಲದ ಮೇಲೆ ತಕರಾರು ತೆಗೆದರು. ನಾನು ಲಾಟೀನಿನ ಬತ್ತಿ ಏರಿಸಿದೆ. ಕೂಸಿನ ಕಾಲನ್ನು ಮೇಲೆತ್ತಿ ಹಿಮ್ಮಡಿ ಪರೀಕ್ಷೆ ಮಾಡುತ್ತಿದ್ದಾಗ ನಾಗಮ್ಮ ಬಾಗಿ, ಒದ್ದೆ ಸೆರಗಿನ ತುದಿಯಿಂದ ಕಿವಿಯ ಹಿಂದೆ ಒಂದು ಸಲ ಒರೆಸಿದಳು. ನಮ್ಮ ತೌರಿನ ಮಚ್ಚೆ ಸೆರಗಿಗೆ ಬಂತು. ಹೊರಡುವಾಗ ಬೀಗಿತ್ತಿ ಇಟ್ಟ ದೃಷ್ಟಿಬೊಟ್ಟು ಅದು. ಬಸ್ಸಿನ ಸೆಕೆಗೆ ಕೆನ್ನೆಯಿಂದ ಅಳಿಸಿಕೊಂಡು ಕಿವಿಯ ಹಿಂದೆ ಹೋಗಿ ಕೂತಿತ್ತು.

ಯಜಮಾನರಿಗೆ ನಗು ಬಂದು ಸಾರು ನೆತ್ತಿಗೇರಿತು. ಕೆಂಪಣ್ಣ ಅಪ್ಪನ ಬೆನ್ನು ತಟ್ಟುತ್ತಾ ತಾನೂ ನಕ್ಕ. ಬೀಗಿತ್ತಿ ನಗದೆ, ಬಹಳ ಮರ್ಯಾದೆಯಿಂದ, "ಪಾಯ್ಸ ಚೆನ್ನಾಗದೆ" ಎಂದರು. ನಾನು ಕೂಸನ್ನು ಅವರ ತೊಡೆಗೆ ದಾಟಿಸಿ, ನನ್ನ ಎಲೆಯ ಮುಂದೆ ಕೂತು, ಯಾರ ಮುಖವನ್ನೂ ನೋಡದೆ ಮುದ್ದೆ ಮುರಿದೆ. ಕೂಸಿನ ಕಾಲಿನ ಕಿರುಬೆರಳು ಮಾತ್ರ ಸ್ವಲ್ಪ ಸೊಟ್ಟಗಿದೆ. ಅದು ಒರೆಸಿದರೆ ಹೋಗುವಂಥದ್ದಲ್ಲ, ಖಂಡಿತ ನಮ್ಮ ತೌರಿನದೇ. ಎಲ್ಲರ ಊಟ ಮುಗಿಯಲಿ, ಆಮೇಲೆ ತೋರಿಸೋಣ ಎಂದುಕೊಂಡು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.